ನಾರಿನ ಪುಡಿಯಲ್ಲಿ ನಾಟಿ ಟೊಮೆಟೊ

ಕಾಮರ್ಸ್ ಓದುವ ಹುಡುಗ ಗೊಬ್ಬರದ ಬಗ್ಗೆ ಬರೆಯುತ್ತಾನೆ ಅಂದರೆ ನಗುವವರು ನಗಲಿ. ಹೋದ ಸಂಚಿಕೆಗೆ ನಾನು ಕವಿತೆ ಕೊಟ್ಟಾಗಲೂ ನಕ್ಕಿದ್ದರು. ಈ ಸಲ ಬರೆಯುತ್ತಿರುವುದು ನಾನು ಕೈಯಾರೆ ಕೆಡಿಸಿ, ಆಮೇಲೆ ಅರ್ಧ ಸರಿಮಾಡಿದ ವಿಷಯ.

ತಿಪಟೂರಿನ ಹತ್ತಿರದ ನಮ್ಮ ತೋಟ ಮಾರಿದ ಮೇಲೆ ಅಜ್ಜಿ ಮುಲುಂಡಿಗೆ ಬಂದಳು. ಬರುವಾಗ ಬಟ್ಟೆಯ ಗಂಟಿನಲ್ಲಿ ನಾಟಿ ಟೊಮೆಟೊ ಬೀಜ ತಂದಿದ್ದಳು. ಆ ಹಣ್ಣು ಸಣ್ಣದು, ಗೀರುಗೀರಾಗಿರುತ್ತೆ, ಹುಳಿ ಜಾಸ್ತಿ, ಸಾರಿಗೆ ಅದೇ ಆಗಬೇಕು. ತೋಟ ಕೊಂಡವರು ಎಲ್ಲ ಕಿತ್ತು ಅಡಿಕೆ ಹಾಕಿದ್ದಾರಂತೆ, ಆದ್ದರಿಂದ ಆ ಬೀಜ ಈಗ ಇರುವುದು ನಮ್ಮ ಮನೆಯಲ್ಲಿ ಮಾತ್ರ. ನಮ್ಮ ಸೊಸೈಟಿಯವರು ಗ್ಯಾಲರಿಯಲ್ಲಿ ಮಣ್ಣಿನ ಕುಂಡ ಇಡಬಾರದು ಅಂದುಬಿಟ್ಟರು. ಒಂದು, ಭಾರ. ಎರಡು, ಕೆಂಪು ನೀರು ಕೆಳಗಿನ ಮನೆಯವರ ಬಟ್ಟೆಯ ಮೇಲೆ ಇಳಿಯುತ್ತೆ. ಅವರದೂ ತಪ್ಪಲ್ಲ. ಹಾಗಾಗಿ ನಾನು ಕೋಕೋಪೀಟ್ ಇಟ್ಟಿಗೆ ಕೊಂಡುತಂದೆ. ಊರಿನಲ್ಲಿ ನಾರಿನ ಕಾರ್ಖಾನೆಯ ಹಿಂದೆ ಗುಡ್ಡೆಗುಡ್ಡೆ ಬಿದ್ದಿರುವ ಪುಡಿಯನ್ನು ಇಲ್ಲಿ ದುಡ್ಡು ಕೊಟ್ಟು ತಂದೆ ಅಂದಾಗ ಅಜ್ಜಿ ನನ್ನ ಕಾಲೇಜು ಫೀಸಿನ ಬಗ್ಗೆ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯಲ್ಲ.

ಮೊದಲ ವರ್ಷ ಐದು ಕುಂಡದಲ್ಲಿ ಎರಡು ಗಿಡ ಸತ್ತವು. ಉಳಿದ ಮೂರರಲ್ಲಿ ಕಾಯಿ ಬಿಟ್ಟಿತು, ಆದರೆ ಪ್ರತಿ ಕಾಯಿಯ ತಳವೂ ಕಪ್ಪಾಗಿ ಒಳಗೆ ಕುಸಿಯಿತು. ಬೀಜಕ್ಕೆ ಇಡುವಂಥ ಹಣ್ಣು ಒಂದೂ ಸಿಗಲಿಲ್ಲ. ಗಂಟಿನಲ್ಲಿ ಉಳಿದದ್ದು ಹತ್ತೊಂಬತ್ತು ಬೀಜ. ಆಗ ನನಗೆ ಹೆದರಿಕೆ ಆಯ್ತು, ಸುಳ್ಳು ಯಾಕೆ ಹೇಳಲಿ.

ನಾರಿನ ಪುಡಿ ಅಂದರೆ ಏನು ಅನ್ನುವುದನ್ನು ನಾನು ತಿಳಿಯದೆ ಹೋಗಿದ್ದೇ ಮೊದಲ ತಪ್ಪು. ಸಿಪ್ಪೆಯಿಂದ ನಾರು ಬಿಡಿಸಿದಾಗ ಉದುರುವ ಪುಡಿ ಅದು. ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ, 5 ಕಿಲೋದ ಒಂದು ಒಣ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತೆ. ಆದರೆ ಗಿಡಕ್ಕೆ ಬೇಕಾದ ಆಹಾರ ಅದರಲ್ಲಿ ಇಲ್ಲವೆಂದೇ ಹೇಳಬೇಕು, ಪೊಟ್ಯಾಸಿಯಂ ಒಂದನ್ನು ಬಿಟ್ಟು. ಅದು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ. ಜತೆಗೆ ಸೋಡಿಯಂ ಉಪ್ಪು. ಕಡಲತೀರದಲ್ಲಿ ಉಪ್ಪುನೀರಲ್ಲಿ ಸಿಪ್ಪೆ ನೆನೆಹಾಕಿದ್ದರೆ ಕೇಳುವುದೇ ಬೇಡ.

ಇನ್ನು ಮುಖ್ಯ ವಿಷಯ. ಪುಡಿಯ ಒಂದೊಂದು ಕಣವನ್ನೂ ಲೋಕಲ್ ಗಾಡಿಯ ಡಬ್ಬಿ ಅಂದುಕೊಳ್ಳಿ. ಸೀಟುಗಳಲ್ಲಿ ಪೊಟ್ಯಾಸಿಯಂ, ಸೋಡಿಯಂ ಮೊದಲೇ ಕೂತಿವೆ. ನಾವು ಕ್ಯಾಲ್ಸಿಯಂ ಹಾಕಿದರೆ ಅದಕ್ಕೆ ವಿದ್ಯುದಂಶ ಎರಡು, ಇವಕ್ಕೆ ಒಂದೊಂದು. ತಳ್ಳಿಕೊಂಡು ಒಳಗೆ ಹೋಗಿ ಕೂತುಬಿಡುತ್ತೆ. ಎದ್ದ ಪೊಟ್ಯಾಸಿಯಂ ನೀರಿಗೆ ಇಳಿಯುತ್ತೆ. ಮೆಗ್ನೀಸಿಯಂ ಕಥೆಯೂ ಹೀಗೇ. ಬೇರಿಗೆ ಸಿಗುವುದು ಪೊಟ್ಯಾಸಿಯಂ, ಸಿಗದಿರುವುದು ಕ್ಯಾಲ್ಸಿಯಂ. ಟೊಮೆಟೊ ತಳ ಕಪ್ಪಾಗುವುದು ಕಾಯಿಗೆ ಕ್ಯಾಲ್ಸಿಯಂ ಮುಟ್ಟದೆ ಹೋದಾಗ. ನಾನೇನು ಮಾಡುತ್ತಿದ್ದೆ ಅಂದರೆ, ಯಾರೋ ಹೇಳಿದರು ಅಂತ ದಿನಾ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕುತ್ತಿದ್ದೆ. ಅದರಲ್ಲಿ ಇರುವುದೂ ಮುಖ್ಯವಾಗಿ ಪೊಟ್ಯಾಸಿಯಮ್ಮೇ! ಸಾಲಗಾರನಿಗೆ ಮತ್ತೆ ಸಾಲ ಕೊಟ್ಟ ಹಾಗಾಯ್ತು. ಒಲೆ ಬೂದಿಯಲ್ಲೂ ಪೊಟ್ಯಾಸಿಯಂ ಇದೆ.

ಊರಿನಲ್ಲಿ ಇದೇ ಪುಡಿ ತೋಟಕ್ಕೆ ಹಾಕಿದರೆ ಏನೂ ಆಗುತ್ತಿರಲಿಲ್ಲವಲ್ಲ ಅಂತ ಕೇಳಿದಾಗ ಅಜ್ಜಿ ಒಂದು ಮಾತು ಹೇಳಿದಳು: "ಇಲ್ಲಿ ಹಂಡೆಗೆ ಕರೆ ಕಟ್ಟಲ್ಲ ಕಣೋ." ಹಂಡೆಯ ಬಿಳಿ ಕರೆ ಅಂದರೆ ಕ್ಯಾಲ್ಸಿಯಂ. ನಮ್ಮೂರ ಬೋರ್‌ವೆಲ್ ನೀರು ಗಡಸು, ಪ್ರತಿ ಬಿಂದಿಗೆಯಲ್ಲೂ ಒಂದಿಷ್ಟು ಸುಣ್ಣ ಪುಕ್ಕಟೆ. ಮುಂಬಯಿಗೆ ಬರುವುದು ತಾನಸಾ, ವೈತರಣಾ, ಭಾತಸಾ ಜಲಾಶಯಗಳಲ್ಲಿ ನಿಂತ ಮಳೆನೀರು, ಮೆದುವಾದದ್ದು. ಬಟ್ಟೆ ಒಗೆಯಲು ಬಹಳ ಒಳ್ಳೆಯದು, ನಾರಿನ ಪುಡಿಗೆ ಸಾಲದು. ಇದು ಹೊಳೆಯಲು ನನಗೆ ಎರಡು ವರ್ಷ ಬೇಕಾಯ್ತು, ಅವಳು ಹಂಡೆ ತೊಳೆಯುತ್ತಾ ಕಂಡುಕೊಂಡಿದ್ದಳು.

ಪರಿಹಾರವಾಗಿ ದೊಡ್ಡ ಬೆಳೆಗಾರರು ಪುಡಿಯನ್ನು ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸುತ್ತಾರೆ. ಅದು ಕಾರ್ಖಾನೆಯ ಗೊಬ್ಬರ, ಸಾವಯವದ ಲೆಕ್ಕಕ್ಕೆ ಬರಲ್ಲ, ಅಜ್ಜಿ ಮನೆಯೊಳಗೇ ಬಿಡಲ್ಲ. ಎಲೆಯಡಿಕೆ ಡಬ್ಬಿಯ ಸುಣ್ಣ ಹಾಕು ಅಂದಳು. ಅದು ಬೇಡ, ತೀರಾ ಕ್ಷಾರ, ಬೇರು ಸುಟ್ಟುಹೋಗುತ್ತೆ. ಮೊಟ್ಟೆಚಿಪ್ಪಿನ ಪುಡಿ ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತೆ. ನಮಗೆ ಒದಗಿದ್ದು ಜಿಪ್ಸಂ. ಗಣಿಯಿಂದ ಬರುವ ಖನಿಜ, ಸಾವಯವ ಕೃಷಿಯಲ್ಲೂ ಒಪ್ಪುತ್ತಾರೆ, ಹುಳಿ-ಕ್ಷಾರದ ಸಮತೋಲವನ್ನು ಅಷ್ಟಾಗಿ ಕದಲಿಸಲ್ಲ. ಲೀಟರಿಗೆ ಎರಡು ಗ್ರಾಂ ಚಿಲ್ಲರೆ ಮಾತ್ರ ಕರಗುತ್ತೆ, ಅದಕ್ಕಿಂತ ಸುರಿದರೆ ತಳದಲ್ಲಿ ಕೂರುತ್ತೆ ಅಷ್ಟೆ. ಪುಡಿಯನ್ನು ಮೂರು ಸಲ ಬರೀ ನೀರಲ್ಲಿ ತೊಳೆದು ಹಿಂಡಿದೆ. ಆಮೇಲೆ 10 ಲೀಟರ್ ನೀರಿಗೆ 20 ಗ್ರಾಂ ಜಿಪ್ಸಂ, 5 ಗ್ರಾಂ ಎಪ್ಸಂ ಉಪ್ಪು (ಇದು ಮೆಗ್ನೀಸಿಯಮ್ಮಿಗೆ) ಕದಡಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಬಸಿದೆ. ಹೀಗೆ ಮೂರು ರಾತ್ರಿ. ಬಚ್ಚಲುಮನೆ ನನ್ನ ವಶದಲ್ಲಿದ್ದದ್ದಕ್ಕೆ ಅಪ್ಪ ಬೈದದ್ದು ಬೇರೆ.

ಇನ್ನು ಸಾರಜನಕ. ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಸುಮಾರು 7, ಬೇವಿನ ಹಿಂಡಿಯಲ್ಲಿ 5, ಎರೆಗೊಬ್ಬರದಲ್ಲಿ ಒಂದೂವರೆ. ಅಂಕಿ ನೋಡಿ ನಾನು ಮೊದಲ ವರ್ಷ ಬರೀ ಕಡಲೆಕಾಯಿ ಹಿಂಡಿ ಸುರಿದಿದ್ದೆ. ಬಿಳೀ ಬೂಷ್ಟು ಬಂತು, ನಾತ ಬಂತು, ನೊಣ ಬಂತು, ಪಕ್ಕದ ಮನೆಯವರೂ ಬಂದರು. ಹಿಂಡಿಯ ಸಾರಜನಕ ಫಿಕ್ಸೆಡ್ ಡಿಪಾಜಿಟ್ ಇದ್ದ ಹಾಗೆ, ಬೇರು ನೇರವಾಗಿ ತೆಗೆಯಲಾರದು. ಜೀವಾಣುಗಳೆಂಬ ಗುಮಾಸ್ತರು ಒಡೆದು ಕೊಡಬೇಕು. ಮಣ್ಣಿನಲ್ಲಿ ಅವರು ಕೋಟಿಗಟ್ಟಲೆ, ಹೊಸ ಪುಡಿಯಲ್ಲಿ ಕೌಂಟರೇ ಖಾಲಿ. ಎರೆಗೊಬ್ಬರ ಹಾಕುವುದು ಅದರ ಒಂದೂವರೆಗಲ್ಲ, ಅದರೊಳಗಿನ ಗುಮಾಸ್ತರಿಗೆ. ಮತ್ತೆ ಇವರಿಗೆ ಗಾಳಿ ಬೇಕು. ಪುಡಿ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೊಯ್ದಿರುತ್ತೆ, ಬೆರಳು ಹಾಕಿ ನೋಡದೆ ನೀರು ಹಾಕಬಾರದು. ಸತ್ತ ಎರಡು ಗಿಡಗಳು ಸತ್ತದ್ದು ಹಾಗೆ ಅಂತ ನನ್ನ ಅಂದಾಜು.

ಹಸೀ ಪುಡಿಯಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗಿಂತ ಹೆಚ್ಚು, ಕೊಟ್ಟದ್ದರಲ್ಲೂ ಅದೇ ಪಾಲು ಕಿತ್ತುಕೊಳ್ಳುತ್ತೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಧಾನದಲ್ಲಿ ಪ್ಲೂರೋಟಸ್ ಎಂಬ ಅಣಬೆಯಿಂದ ಕೊಳೆಸಿ ತಿಂಗಳೊಪ್ಪತ್ತಿನಲ್ಲಿ ಇದನ್ನು 24ಕ್ಕೆ ಇಳಿಸುತ್ತಾರೆ. ಟನ್ನಿಗೆ 5 ಕಿಲೋ ಯೂರಿಯಾ ಸೇರಿಸುತ್ತಾರೆ, ಅದನ್ನು ಅಜ್ಜಿಗೆ ಹೇಳಿಲ್ಲ. ಹಾಗೆ ಕಳಿತ ಪುಡಿ ಸಿಕ್ಕರೆ ಅದನ್ನೇ ತನ್ನಿ.

ರಂಜಕಕ್ಕೆ ಮೂಳೆಪುಡಿ ಒಳ್ಳೆಯದು, ನಮ್ಮ ಮನೆಯಲ್ಲಿ ಆಗದು. ಎರೆಗೊಬ್ಬರ, ಹಿಂಡಿಯಲ್ಲಿ ಇದ್ದಷ್ಟೇ ನಮ್ಮ ಐದು ಕುಂಡಕ್ಕೆ ಸಾಕಾಯ್ತು. ಹರಳು ಹಿಂಡಿ ಬೇಡ, ಅದರಲ್ಲಿ ವಿಷ ಇದೆ, ನಾಯಿಗಳು ತಿಂದು ಸಾಯುತ್ತವೆ.

ಈ ಸಲ 12 ಲೀಟರಿನ ಕುಂಡಕ್ಕೆ ಪುಡಿ 8 ಲೀಟರ್, ಎರೆಗೊಬ್ಬರ 3, ಇಟ್ಟಿಗೆ ಚೂರು 1, ಬೇವಿನ ಹಿಂಡಿ ಒಂದು ಹಿಡಿ, ಒಣ ಜಿಪ್ಸಂ ಎರಡು ಚಮಚ. ಕಡಲೆಕಾಯಿ ಹಿಂಡಿ 50 ಗ್ರಾಂ ಒಂದು ಲೀಟರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹತ್ತು ದಿನಕ್ಕೊಮ್ಮೆ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಹತ್ತು ಬೀಜ ಹಾಕಿದೆವು, ಏಳು ಮೊಳೆತವು. ಐದು ಗಿಡದಲ್ಲಿ ಒಂದರ ಮೊದಲ ಗೊನೆ ಮಾತ್ರ ಮತ್ತೆ ತಳ ಕಪ್ಪಾಯ್ತು. ಉಳಿದದ್ದು ಸಾರಿಗೆ ಬಂತು.

ಬೀಜ ಈಗ ಹಳೇ ಲೆಡ್ಜರ್ ಹಾಳೆಯ ಮೇಲೆ ಒಣಗುತ್ತಿವೆ. ಬೇಕಾದವರು ಗುರುವಾರದ ಸಭೆಗೆ ಬರುವಾಗ ಒಂದು ಲಕೋಟೆ ತನ್ನಿ. ಒಬ್ಬರಿಗೆ ಹತ್ತು, ಎಣಿಸುವುದು ಅಜ್ಜಿ.