ಹಳೆಯ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವ ಕ್ರಮ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ಈಗ ಬೆಂಗಳೂರು ನಗರದ ನಡುವಣ ಬಡಾವಣೆಗಳು. ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ಉಳಿದೆರಡು ೧೮೯೮ರ ಪ್ಲೇಗಿನ ತರುವಾಯ ಬೆಳೆದುವು. ಅದಕ್ಕೆ ಮೊದಲು ಅಲ್ಲಿದ್ದುದು ಬಹುಮಟ್ಟಿಗೆ ಹೊಲ ಮತ್ತು ತೋಟ. ಬಸವನಗುಡಿಯಲ್ಲಿ ಕಾರ್ತಿಕಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯು ಆ ಬೇಸಾಯದ ಗುರುತಾಗಿ ಇಂದಿಗೂ ಉಳಿದಿದೆ. ಈ ಬಡಾವಣೆಗಳಲ್ಲಿ ಹಳೆಯ ಮೋಟಾರುಗಳನ್ನು ಕೂಡಿಡುವ ಹವ್ಯಾಸಿಗಳಿಗೆ ಹಳೆಯ ಟ್ರ್ಯಾಕ್ಟರಿನ ಮೇಲೂ ಮನಸ್ಸು ಹೋಗುವುದುಂಟು. ಯಂತ್ರವಾದರೋ ದೊಡ್ಡಬಳ್ಳಾಪುರದ ಕಡೆಯದೋ ಮಂಡ್ಯದ ಕಡೆಯದೋ ಒಂದು ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ. ಅದರ ಯೋಗ್ಯತೆಯನ್ನರಿಯದ ರೈತನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟುಬಿಡುತ್ತಾನೆ. ಅರಿಯದ ಹವ್ಯಾಸಿಯು ಹೊಸ ಬಣ್ಣಕ್ಕೆ ಮರುಳಾಗಿ ಹಣ ಕಳೆದುಕೊಳ್ಳುತ್ತಾನೆ. ಆದುದರಿಂದ ಪರೀಕ್ಷೆಯ ಕ್ರಮವನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು.

ಮೊದಲು ಯಂತ್ರವು ಯಾವುದೆಂದು ಗೊತ್ತುಮಾಡಿಕೊಳ್ಳತಕ್ಕುದು. ಭಾರತದಲ್ಲಿ ಐಷರ್ ಸಂಸ್ಥೆಯವರು ಫರೀದಾಬಾದಿನಲ್ಲಿ ಟ್ರ್ಯಾಕ್ಟರನ್ನು ತಯಾರಿಸತೊಡಗಿದುದು ೧೯೫೯ರಲ್ಲಿ. ಅದಕ್ಕೂ ಹಿಂದಿನವೆಲ್ಲವೂ ಹೊರದೇಶದಿಂದ ಬಂದವು. ಇವುಗಳೊಳಗೆ ಹವ್ಯಾಸಿಗಳು ಹೆಚ್ಚಾಗಿ ಅರಸುವುದು ಬೂದುಬಣ್ಣದ ಫರ್ಗುಸನ್ ಟಿ.ಇ.-೨೦ ಎಂಬುದನ್ನು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ಇಂತಹವು ೫ ಲಕ್ಷಕ್ಕೂ ಹೆಚ್ಚಾಗಿ ತಯಾರಾದುವು. ಆದಕಾರಣ ಇದು ಲೋಕದಲ್ಲಿ ಅಪರೂಪದ ಯಂತ್ರವೇನೂ ಅಲ್ಲ. ಬೆಲೆಯನ್ನು ನಿರ್ಣಯಿಸುವುದು ಅದು ಎಷ್ಟರಮಟ್ಟಿಗೆ ಮೂಲಸ್ಥಿತಿಯಲ್ಲಿದೆ ಎಂಬುದೇ.

ಮುಂಭಾಗದ ಫಲಕದಲ್ಲಿರುವ ಸಂಖ್ಯೆಯ ಹಿಂದಿನ ಅಕ್ಷರಗಳನ್ನು ಓದಬೇಕು. ಟಿ.ಇ.ಎ. ಎಂದಿದ್ದರೆ ಸ್ಟ್ಯಾಂಡರ್ಡ್ ಕಂಪೆನಿಯ ಪೆಟ್ರೋಲ್ ಇಂಜನು, ಟಿ.ಇ.ಡಿ. ಎಂದರೆ ಸೀಮೆಎಣ್ಣೆಯಂತಹ ಅಗ್ಗದ ಎಣ್ಣೆಯಿಂದ ನಡೆಯುವುದು, ಟಿ.ಇ.ಎಫ್. ಎಂದರೆ ೧೯೫೧ರಿಂದ ಬಂದ ಡೀಸೆಲ್ ಇಂಜನು. ಇಂಜನಿನ ಮೈಮೇಲಿನ ಸಂಖ್ಯೆಯನ್ನು ಬೇರೆಯಾಗಿ ನೋಡಿ, ಎರಡೂ ನೋಂದಣಿ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ತಾಳೆಮಾಡಬೇಕು. ಪೆಟ್ರೋಲ್ ಫಲಕದ ಕೆಳಗೆ ಡೀಸೆಲ್ ಇಂಜನು ಕುಳಿತಿದ್ದರೆ ಉಳುಮೆಗೆ ಬಾಧಕವಿಲ್ಲ, ಸಂಗ್ರಹಕ್ಕೆ ಮಾತ್ರ ದೊಡ್ಡ ಕೊರತೆ. ಇನ್ನೊಂದು ಸುಲಭವಾದ ಗುರುತುಂಟು. ಈ ಟ್ರ್ಯಾಕ್ಟರಿನಲ್ಲಿ ಗೇರು ಕೋಲನ್ನೇ ‘ಎಸ್’ ಎಂಬ ಸ್ಥಾನಕ್ಕೆ ತಳ್ಳಿದರೆ ಇಂಜನು ಹೊರಡುತ್ತದೆ. ಗೇರಿನಲ್ಲಿರುವಾಗ ಅಕಸ್ಮಾತ್ತಾಗಿ ಹೊರಡದಿರಲೆಂದು ಮಾಡಿದ ಜಾಣತನದ ಏರ್ಪಾಡಿದು. ಬೇರೊಂದು ಗುಂಡಿಯನ್ನು ಕೂರಿಸಿದ್ದರೆ ಯಾರೋ ಮೇಸ್ತ್ರಿಯು ಕೈಯಾಡಿಸಿದ್ದಾನೆಂದು ತಿಳಿಯಬೇಕು.

ಫರ್ಗುಸನ್ನಿನ ಹೆಸರು ನಿಂತಿರುವುದು ಹಿಂದಿನ ಮೂರು ಕೀಲುಗಳ ಜೋಡಣೆಯಿಂದ. ನೇಗಿಲಿಗೆ ನೆಲದ ತಡೆ ಹೆಚ್ಚಿದಾಗ ಮೇಲಿನ ತೋಳು ಒತ್ತಲ್ಪಡುತ್ತದೆ. ಆ ಒತ್ತಡವೇ ಎಣ್ಣೆಯ ಕವಾಟವನ್ನು ನಡೆಸಿ ನೇಗಿಲನ್ನು ತುಸು ಮೇಲೆತ್ತುತ್ತದೆ. ಇದನ್ನು ಪರೀಕ್ಷಿಸದೆ ಯಾರೂ ಹಣ ಕೊಡಲಾಗದು. ತೋಳುಗಳಿಗೆ ನೇಗಿಲನ್ನೋ ಭಾರವನ್ನೋ ಕಟ್ಟಿ, ಮೇಲೆತ್ತಿ, ಇಂಜನನ್ನು ನಿಲ್ಲಿಸಿ ದೂರ ನಿಂತು ನೋಡಬೇಕು. ಭಾರವು ನಿಧಾನವಾಗಿ ಇಳಿದರೆ ವಯಸ್ಸಿಗೆ ತಕ್ಕ ಸವೆತವೆನ್ನಬಹುದು. ಕ್ಷಣದಲ್ಲಿ ಕುಸಿದರೆ ಒಳಗಿನ ಉಂಗುರಗಳೋ ಕವಾಟವೋ ಕೆಟ್ಟಿವೆ. ಎತ್ತಿದ ಭಾರದಡಿಗೆ ಕೈಯನ್ನಾಗಲಿ ಕಾಲನ್ನಾಗಲಿ ಒಡ್ಡಕೂಡದು.

ಸ್ವದೇಶದ ಯಂತ್ರಗಳ ವಿಷಯವನ್ನು ಬೇಗನೆ ಹೇಳಬಹುದು. ಮಹೀಂದ್ರ ಸಂಸ್ಥೆಯು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯೊಡನೆ ಸೇರಿ ೧೯೬೩ರಿಂದ ತಯಾರಿಸಿದ ಬಿ-೨೭೫ ಎಂಬುದಕ್ಕೆ ಬಿಡಿಭಾಗಗಳ ಚಿಂತೆ ಕಡಮೆ. ಬೆಂಗಳೂರಿನವರಿಗೆ ಹೆಚ್ಚು ಅಭಿಮಾನವಿರುವುದು ಎಚ್.ಎಂ.ಟಿ. ಟ್ರ್ಯಾಕ್ಟರಿನಲ್ಲಿ. ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಆರಂಭವಾದ ಈ ಸಂಸ್ಥೆಯು ೧೯೭೧ರಲ್ಲಿ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದ ಜೀಟರ್ ಮಾದರಿಯಂತೆ ೨೫ ಅಶ್ವಶಕ್ತಿಯ ಟ್ರ್ಯಾಕ್ಟರನ್ನು ಹೊರತಂದಿತು. ಆ ವಿಭಾಗವನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರಕಾರವು ತೀರ್ಮಾನಿಸಿತು. ಮುಚ್ಚಿಹೋದ ಕಾರ್ಖಾನೆಯ ಯಂತ್ರಗಳಿಗೆ ಕಾಲಕ್ರಮದಲ್ಲಿ ಬೆಲೆಯೇರುವುದು ಸಹಜ. ಕೊಟ್ಟಿಗೆಯಲ್ಲಿ ಇದುಳ್ಳ ರೈತನು ಗುಜರಿಯವನನ್ನು ಕರೆಯಲು ಅವಸರಪಡಬೇಕಾಗಿಲ್ಲ.

ಯಂತ್ರವು ಯಾವ ನೆಲದಲ್ಲಿ ದುಡಿಯಿತೆಂದು ಕೇಳುವುದು ಅತ್ಯವಶ್ಯ. ರಾಗಿಯ ಹೊಲದಲ್ಲಿ ಉತ್ತದ್ದು ಧೂಳು ತಿಂದಿರುತ್ತದೆ. ಗಾಳಿ ಸೋಸುವ ಪಾತ್ರೆಯನ್ನು ಅಲಕ್ಷಿಸಿದ್ದರೆ ಇಂಜನಿನ ಕೊಳವೆಗಳು ಸವೆದು ನೀಲಿ ಹೊಗೆ ಬರುತ್ತದೆ. ಕೆಸರುಗದ್ದೆಯಲ್ಲಿ ಕಬ್ಬಿಣದ ಪಂಜರಚಕ್ರ ಕಟ್ಟಿ ಉತ್ತದ್ದಕ್ಕೆ ಅಚ್ಚಿನ ಸೀಲುಗಳ ಮೂಲಕ ಕೆಸರುನೀರು ನುಗ್ಗಿ, ಬೇರಿಂಗುಗಳೂ ಬ್ರೇಕುಗಳೂ ಹಾಳಾಗಿರುತ್ತವೆ. ಇದು ಹೊರಗೆ ಕಾಣುವುದಿಲ್ಲ. ಹಿಂದಿನ ಚಕ್ರವನ್ನು ಜಾಕಿನಿಂದೆತ್ತಿ, ಭದ್ರವಾದ ದಿಮ್ಮಿಯ ಮೇಲೆ ನಿಲ್ಲಿಸಿ ಅಲುಗಾಡಿಸಿದರೆ ತಿಳಿಯುತ್ತದೆ. ಎಣ್ಣೆಯಳೆಯುವ ಕಡ್ಡಿಯಲ್ಲಿ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಬೆರೆತಿದೆ. ಎರಕದ ಭಾಗಗಳಲ್ಲಿ ಬೆಸುಗೆಯ ಗೆರೆಗಳಿದ್ದರೆ ಬಿರುಕು ಬಿಟ್ಟ ಕಥೆ ಅದೇ ಹೇಳುತ್ತದೆ.

ಹೊಸ ಬಣ್ಣವನ್ನು ಕಂಡೊಡನೆ ಸಂಶಯಪಡಬೇಕು. ಬ್ಯಾಟರಿಯ ತಳದಲ್ಲಿಯೂ ಎಣ್ಣೆತೊಟ್ಟಿಯ ಅಡಿಯಲ್ಲಿಯೂ ಮೂಲವರ್ಣವು ಅಡಗಿರುತ್ತದೆ. ಮಾರುವ ರೈತನು ತನ್ನ ಖರ್ಚಿನಲ್ಲಿ ಬಣ್ಣ ಬಳಿಸುವುದು ನಷ್ಟದ ಕೆಲಸ. ಅದರ ಬದಲು ಹಳೆಯ ರಸೀತಿ, ಕೈಪಿಡಿ, ಉಪಕರಣಗಳ ಪೆಟ್ಟಿಗೆ, ಯಂತ್ರದೊಡನೆ ಬಂದ ನೇಗಿಲು ಇವುಗಳನ್ನು ಹುಡುಕಿ ಜೊತೆಗಿಟ್ಟರೆ ಬೆಲೆ ಹೆಚ್ಚುತ್ತದೆ. ಬೇರಿಂಗು, ಸೀಲು ಮುಂತಾದವು ಅಳತೆ ಒಯ್ದರೆ ಜೆ.ಸಿ. ರಸ್ತೆಯಲ್ಲಿಯೋ ಎಸ್.ಜೆ.ಪಿ. ರಸ್ತೆಯಲ್ಲಿಯೋ ಸಿಕ್ಕುವ ಸಂಭವವಿದೆ. ಕಳೆದುಹೋದ ಬಾನೆಟ್ಟೂ ಸಂಖ್ಯೆಯ ಫಲಕವೂ ಹಾಗೆ ಸಿಕ್ಕುವುದಿಲ್ಲ.

ಕಾಗದಪತ್ರಗಳಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ಎಂದು ನೋಡತಕ್ಕುದು. ಸಾಲ ತೀರಿದ್ದರೂ ನಮೂದನ್ನು ತೆಗೆಸದಿದ್ದರೆ ವರ್ಗಾವಣೆ ನಿಲ್ಲುತ್ತದೆ. ಮಾಲೀಕನು ಗತಿಸಿದ್ದರೆ ವಾರಸುದಾರರ ಒಪ್ಪಿಗೆಯೂ ಬೇಕು. ೫೦ ವರ್ಷ ಮೀರಿದ ವಾಹನಗಳಿಗೆಂದು ೨೦೨೧ರಲ್ಲಿ ಹೊರಟ ವಿಂಟೇಜ್ ನೋಂದಣಿಯ ನಿಯಮಗಳು ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಸೇರಿದವು. ಟ್ರ್ಯಾಕ್ಟರು ಅದರಲ್ಲಿ ಬಾರದು. ಆದುದರಿಂದ ನೋಂದಣಿಯ ಅವಧಿ ಮುಗಿದ ಯಂತ್ರವನ್ನು ರಸ್ತೆಯಲ್ಲಿ ಓಡಿಸದೆ ಲಾರಿಯಲ್ಲಿಯೇ ತರಬೇಕು, ಮತ್ತು ಆ ಬಾಡಿಗೆಯನ್ನು ಬೆಲೆಯೊಡನೆ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಸ್ಥಳದ ಮಾತು. ಸಣ್ಣದೆನಿಸುವ ಫರ್ಗುಸನ್ ಸಹ ಸುಮಾರು ೯½ ಅಡಿ ಉದ್ದ, ೫ ಅಡಿಗೂ ಮೀರಿದ ಅಗಲ, ೧ ಟನ್ನಿಗೂ ಹೆಚ್ಚಿನ ತೂಕವುಳ್ಳದ್ದು. ಚಾಮರಾಜಪೇಟೆಯ ಹಳೆಯ ಮನೆಗಳ ಪಕ್ಕದ ಓಣಿಯಲ್ಲಿ ಅದು ಹಿಡಿಸುವುದು ಕಷ್ಟ. ಕೊಳ್ಳುವವನು ಮುಂಗಡ ಕೊಡುವುದಕ್ಕೆ ಮುಂಚೆ ಗೇಟಿನ ಅಗಲವನ್ನು ಅಳೆದು, ನೆಲಕ್ಕೆ ಕಲ್ಲುಚಪ್ಪಡಿ ಹಾಸಿ, ಮಳೆಯ ನೀರು ತಾಗದ ಮಾಡನ್ನು ಸಿದ್ಧಪಡಿಸಿರತಕ್ಕುದು.