ಬಾಖನ ‘ಮಾಸ್’ ನೋಡಿದ ಮೇಲೆ

(ಆಕಾಶವಾಣಿಯ ಕೃಪೆಯಿಂದ)

ಪಾಶ್ಚಾತ್ಯ ವೃಂದಗಾನದ ವಿಚಾರವಾಗಿ ಮಾತನಾಡಲು ನನಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರಿನವನು. ಭಜನೆ, ಹರಿಕಥೆ, ಕೋಲಾಟ, ರೇಡಿಯೋದಲ್ಲಿ ಬರುತ್ತಿದ್ದ ಕರ್ನಾಟಕ ಸಂಗೀತ, ಇವುಗಳ ನಡುವೆ ಬೆಳೆದ ಕಿವಿ ನನ್ನದು. ನಮ್ಮ ತಂದೆಯವರು ಊರಿನ ಭಜನೆಯಲ್ಲಿ ಮುಂದೆ ನಿಂತು ಹೇಳಿಕೊಡುತ್ತಿದ್ದವರು. ರೇಡಿಯೋದ ಮುಳ್ಳು ತಿರುಗಿಸುವಾಗ ಎಂದಾದರೊಮ್ಮೆ ದೂರದ ಯಾವುದೋ ನಿಲಯದಿಂದ ನೂರು ಕಂಠಗಳು ಒಟ್ಟಿಗೆ ಎದ್ದುಬಂದರೆ, “ಇದೇನು ಸಂತೆಯೋ, ಸಂಗೀತವೋ” ಎಂದು ಮುಳ್ಳನ್ನು ಮುಂದಕ್ಕೆ ಸರಿಸಿಬಿಡುತ್ತಿದ್ದರು. ಆ ಅಭಿಪ್ರಾಯವನ್ನು ಪರೀಕ್ಷಿಸದೆಯೇ ನಾನು ಐವತ್ತು ವರ್ಷ ಇಟ್ಟುಕೊಂಡಿದ್ದೆ. ಅದನ್ನು ತಿದ್ದಿಕೊಳ್ಳುವ ಸಂದರ್ಭ ಒದಗಿದಾಗ ತಂದೆಯವರು ಇರಲಿಲ್ಲ. ನನ್ನ ಎಡಗಿವಿಯೂ ಮಂದವಾಗಿತ್ತು.

ಸಂದರ್ಭ ಒದಗಿದ್ದು ಹೀಗೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮೊಮ್ಮಗ ರಜೆಗೆ ಬಂದಾಗ ಒಂದು ದೃಶ್ಯಮುದ್ರಿಕೆಯನ್ನು ತಂದಿದ್ದ. ಜರ್ಮನಿಯ ಲೈಪ್‌ಜಿಗ್ ನಗರದ ಸಂತ ಥಾಮಸ್ ಚರ್ಚಿನಲ್ಲಿ 2000ನೆಯ ಇಸವಿ ಜುಲೈ 28ರಂದು ನಡೆದ ಗಾನವನ್ನು, ನಡೆಯುತ್ತಿದ್ದಂತೆಯೇ ಚಿತ್ರೀಕರಿಸಿದ ಮುದ್ರಿಕೆ ಅದು. ಹಾಡಿದ ಕೃತಿ ಯೋಹಾನ್ ಸೆಬಾಸ್ಟಿಯನ್ ಬಾಖನ ‘ಬಿ ಮೈನರ್ ಮಾಸ್’. ಬಾಖ್ ತೀರಿಕೊಂಡದ್ದು 1750ರ ಜುಲೈ 28ರಂದು. ಅಂದರೆ ಅಂದು ಆತನ 250ನೆಯ ಪುಣ್ಯದಿನ. 1723ರಿಂದ ಸಾಯುವವರೆಗೆ 27 ವರ್ಷ ಆತ ಸಂಗೀತದ ಹೊಣೆ ಹೊತ್ತದ್ದು ಇದೇ ಚರ್ಚಿನಲ್ಲಿ. 1950ರಿಂದೀಚೆಗೆ ಆತನ ಸಮಾಧಿಯೂ ಇಲ್ಲಿಯೇ ಇದೆ. ಹಾಡಿದವರು 1212ರಲ್ಲಿ ಆರಂಭವಾದ ಆ ಚರ್ಚಿನ ಬಾಲಕರ ಮೇಳದವರು. ಬಾಖ್ ಬೈದು, ತಿದ್ದಿ, ಕಲಿಸಿದ ಮೇಳವೇ ಇದು. ನಿರ್ದೇಶಿಸಿದ ಗೇಯೋರ್ಗ್ ಕ್ರಿಸ್ಟೋಫ್ ಬಿಲ್ಲರ್ ಸಹ ಬಾಲ್ಯದಲ್ಲಿ ಇದೇ ಮೇಳದಲ್ಲಿ ಹಾಡಿ, ಮುಂದೆ ಬಾಖ್ ಕುಳಿತಿದ್ದ ಪೀಠಕ್ಕೇ ಬಂದವರು. ಅವರು 2022ರಲ್ಲಿ ನಿಧನರಾದರು.

‘ಮಾಸ್’ ಎಂಬುದು ಕ್ರೈಸ್ತರ ಪೂಜಾವಿಧಿ. ಅದರಲ್ಲಿ ವರ್ಷವಿಡೀ ಬದಲಾಗದೆ ಬರುವ ಐದು ಪಾಠಗಳಿವೆ: ಕರುಣಿಸು ಎಂಬ ಮೊರೆ, ದೇವಮಹಿಮೆಯ ಸ್ತುತಿ, ವಿಶ್ವಾಸದ ಘೋಷಣೆ, ‘ಪರಿಶುದ್ಧನು’ ಎಂಬ ಕೊಂಡಾಟ, ಕೊನೆಗೆ ದೇವರ ಕುರಿಮರಿಯನ್ನು ಕುರಿತ ಪ್ರಾರ್ಥನೆ. ಮೊದಲಿನದು ಗ್ರೀಕ್ ಮಾತು, ಉಳಿದವು ಲ್ಯಾಟಿನ್. ಇವು ನಮ್ಮ ನಾಡಿಗೆ ಹೊಸವಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕನ್ನಡಕ್ಕೆ ಎಡೆ ದೊರೆಯುವವರೆಗೆ, ಮಂಗಳೂರು ಮೈಸೂರುಗಳ ಕಥೋಲಿಕ ದೇವಾಲಯಗಳಲ್ಲಿಯೂ ಪೂಜೆ ನಡೆಯುತ್ತಿದ್ದುದು ಇದೇ ಲ್ಯಾಟಿನ್ ಮಾತುಗಳಲ್ಲಿ. ಯೂರೋಪಿನ ಸಂಗೀತವೂ ಹಾಗೆಯೇ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ರಷ್ಯದ ಮೆಟ್ನರನ ಸಂಗೀತ ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಸ್ಥೆಗೆ ಮೊದಲ ಅಧ್ಯಕ್ಷರಾಗಿದ್ದವರೂ ಅವರೇ. ಅರಮನೆಯವರೆಗೆ ಬಂದದ್ದು ಬಬ್ಬೂರಿಗೆ ಬರಲು ಇಷ್ಟು ತಡವಾಯಿತು, ಅಷ್ಟೆ.

ಬಾಖ್ ಈ ಕೃತಿಯನ್ನು ಒಂದೇ ಸಲ ಕುಳಿತು ಬರೆದವನಲ್ಲ. ‘ಪರಿಶುದ್ಧನು’ ಎಂಬ ಭಾಗ 1724ರದು. ಮೊದಲ ಎರಡು ಭಾಗಗಳನ್ನು 1733ರಲ್ಲಿ ಸ್ಯಾಕ್ಸನಿಯ ದೊರೆಗೆ ಒಪ್ಪಿಸಿ, ಜೊತೆಯಲ್ಲಿ ಆಸ್ಥಾನದ ಬಿರುದೊಂದನ್ನು ಬೇಡಿ ವಿನಯಪೂರ್ವಕ ಪತ್ರ ಬರೆದ. ಬಿರುದು ಬಂದದ್ದು ಮೂರು ವರ್ಷಗಳ ಮೇಲೆ. ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯವರೇ ಆದ ತರಾಸು ಅವರ ‘ಹಂಸಗೀತೆ’ ನೆನಪಾಯಿತು. ಅಲ್ಲಿ ಚಿತ್ರದುರ್ಗದ ವೆಂಕಟಸುಬ್ಬಯ್ಯ ದೊರೆಯ ಮುಂದೆ ಹಾಡಲಾರದೆ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇಲ್ಲಿ ಬಾಖ್ ದೇವರ ಸ್ತುತಿಯನ್ನು ಕಟ್ಟಿಕೊಂಡು ದೊರೆಯ ಬಾಗಿಲಿಗೆ ಹೋಗುತ್ತಾನೆ. ಹರೆಯದಲ್ಲಾಗಿದ್ದರೆ ವೆಂಕಟಸುಬ್ಬಯ್ಯನ ಪಕ್ಷ ವಹಿಸಿ ಬಾಖನನ್ನು ತೂಗಿ ಹಗುರವೆನ್ನುತ್ತಿದ್ದೆನೇನೋ. ಈಗ ಹಾಗೆನ್ನಲು ಮನಸ್ಸು ಬಾರದು. 20 ಮಕ್ಕಳ ತಂದೆ, ಅವರಲ್ಲಿ ಹತ್ತು ಮಂದಿಯನ್ನು ಎಳವೆಯಲ್ಲಿಯೇ ಮಣ್ಣಿಗೆ ಕೊಟ್ಟವನು, ನಗರಸಭೆಯವರೊಡನೆ ಸದಾ ಜಗಳದಲ್ಲಿದ್ದವನು. ಬಿರುದು ಆತನಿಗೆ ಆಭರಣವಾಗಿರಲಿಲ್ಲ, ಕೊಡೆಯಾಗಿತ್ತು.

ಉಳಿದ ಭಾಗಗಳನ್ನು ಆತ ಜೋಡಿಸಿ ಮುಗಿಸಿದ್ದು 1748-49ರಲ್ಲಿ, ಕಣ್ಣು ಕಾಣದಾಗುತ್ತಿದ್ದ ಕಾಲದಲ್ಲಿ. ಎರಡು ಗಂಟೆಯಷ್ಟು ಉದ್ದದ ಈ ಕೃತಿ ಯಾವ ಚರ್ಚಿನ ಪೂಜೆಯ ಅಳತೆಗೂ ಹಿಡಿಸುವಂಥದಲ್ಲ. ಬಾಖನ ಜೀವಿತಕಾಲದಲ್ಲಿ ಇದನ್ನು ಇಡಿಯಾಗಿ ಹಾಡಿದ ದಾಖಲೆಯಿಲ್ಲ. ಲೈಪ್‌ಜಿಗ್ ಅದನ್ನು ಆದಿಯಿಂದ ಅಂತ್ಯದವರೆಗೆ ಕೇಳಿದ್ದು 1859ರಲ್ಲಿ, ಆತ ಸತ್ತು 109 ವರ್ಷಗಳಾದ ಮೇಲೆ. ಬಬ್ಬೂರಿನ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ನಾನು ಎರಡು ಸಲ ಕೇಳಿದುದನ್ನು ಕಟ್ಟಿದವನು ಒಂದು ಸಲವೂ ಕೇಳಲಿಲ್ಲವೆಂಬುದು ನನಗೆ ಇಂದಿಗೂ ಸಂಕೋಚದ ವಿಷಯ.

ಇನ್ನು ನೋಡಿದುದರ ವಿಚಾರ. ಮೊರೆಯ ಮಾತನ್ನು ಎಲ್ಲರೂ ಸೇರಿ ಒಮ್ಮೆ ಕೂಗುತ್ತಾರೆ, ನಾಲ್ಕೇ ನಾಲ್ಕು ಆವರ್ತ. ಬಳಿಕ ಕಂಠಗಳು ಸುಮ್ಮನಾಗಿ ವಾದ್ಯಗಳು ಬಹಳ ಹೊತ್ತು ನಡೆಯುತ್ತವೆ. ಆಮೇಲೆ ಟೆನರ್ ಎಂಬ ಗಂಡುದನಿಯವರು ಮಾತ್ರ ಆ ಸ್ವರಮಾಲೆಯನ್ನು ಎತ್ತಿಕೊಳ್ಳುತ್ತಾರೆ. ಅವರದು ಮುಗಿಯುವ ಮುನ್ನವೇ ಆಲ್ಟೊ ದನಿಯವರು ಅದನ್ನೇ ಬೇರೆ ಸ್ಥಾಯಿಯಲ್ಲಿ ಹಿಡಿಯುತ್ತಾರೆ. ಆಮೇಲೆ ಮೇಲುದನಿಯ ಹುಡುಗರ ಎರಡು ಗುಂಪುಗಳು ಒಂದರ ಹಿಂದೊಂದು. ಎಲ್ಲರಿಗಿಂತ ಕಡೆಗೆ, ತಳದಲ್ಲಿ, ಬಾಸ್. ಮೊದಲು ಹಾಡಿದವರು ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿದು ಮುಂದುವರಿಯುತ್ತಾರೆ. ಐದು ಗುಂಪು, ಒಂದೇ ಮಾತು, ಐದು ಬೇರೆ ಬೇರೆ ಗಳಿಗೆ. ಇದಕ್ಕೆ ಫ್ಯೂಗ್ ಎಂದು ಹೆಸರು. ರೇಡಿಯೋದಲ್ಲಿ ನಮ್ಮ ತಂದೆಯವರಿಗೆ ಸಂತೆಯಾಗಿ ಕೇಳಿಸಿದ್ದು ಇದೇ ಇರಬೇಕು.

ಕಿವಿಯೊಂದನ್ನೇ ನಂಬಿದ್ದರೆ ನನಗೂ ಸಂತೆಯೇ ಆಗುತ್ತಿತ್ತು. ಚಿತ್ರದಲ್ಲಾದರೋ, ಹಾಡಲಿರುವ ಗುಂಪಿನವರು ಒಂದು ಗಳಿಗೆ ಮುಂಚೆಯೇ ಕಾಣಿಸುತ್ತಾರೆ. ತಲೆ ಎತ್ತುತ್ತಾರೆ, ಉಸಿರೆಳೆದುಕೊಳ್ಳುತ್ತಾರೆ, ನಿರ್ದೇಶಕನ ಕಣ್ಣು ಅತ್ತ ಹೊರಳುತ್ತದೆ. ಯಾರ ಬಾಯಿ ತೆರೆಯಿತೋ ಆ ದನಿಯನ್ನು ಕಿವಿ ಹುಡುಕಿಕೊಂಡು ಹೋಗುತ್ತದೆ, ಮಂದಗಿವಿಯೂ ಹೋಗುತ್ತದೆ. ನಮ್ಮಲ್ಲಿ ಜಡೆ ಕೋಲಾಟ ನೋಡಿದವರಿಗೆ ಇದು ಬೇಗ ತಿಳಿದೀತು. ಮೇಲಿನಿಂದ ಇಳಿಬಿಟ್ಟ ಹಗ್ಗದ ತುದಿಗಳನ್ನು ಹಿಡಿದು ಒಬ್ಬಳು ಒಳಗೆ, ಒಬ್ಬಳು ಹೊರಗೆ ನುಸುಳುತ್ತಾ ಹೋದಂತೆ ಜಡೆ ಹೆಣೆದುಕೊಳ್ಳುತ್ತದೆ. ಜಡೆಯನ್ನು ಮಾತ್ರ ನೋಡಿದವನಿಗೆ ಅದು ಗಂಟು. ಹುಡುಗಿಯರ ಹೆಜ್ಜೆಯನ್ನು ನೋಡಿದವನಿಗೆ ಲೆಕ್ಕ. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಹಗ್ಗವನ್ನು ಹಿಡಿದು ಎಳೆಯುತ್ತೇವೆ, ಅದರ ಬಲ ಬೇರೆ.

ಚಿತ್ರಕ್ಕೂ ದೋಷವಿಲ್ಲದಿಲ್ಲ. ಕ್ಯಾಮೆರಾ ಒಂದು ಮುಖವನ್ನು ಹತ್ತಿರಕ್ಕೆ ತಂದಾಗ ಉಳಿದ ಮುಖಗಳು ಮರೆಯಾಗುತ್ತವೆ. ಏನನ್ನು ಕೇಳಬೇಕೆಂದು ಇನ್ನೊಬ್ಬರು ನಮಗೆ ಆಜ್ಞೆ ಮಾಡಿದಂತಾಗುತ್ತದೆ. ಆದರೆ ಒಂದು ಕಡೆ ಅದು ನನಗೆ ಮಾಡಿದ ಉಪಕಾರವನ್ನು ಹೇಳಲೇಬೇಕು.

ವಿಶ್ವಾಸದ ಘೋಷಣೆಯ ನಡುವೆ, ಆತನನ್ನು ಶಿಲುಬೆಗೇರಿಸಿದರು, ಆತ ನೊಂದ, ಹೂಳಲ್ಪಟ್ಟ ಎಂಬ ಮಾತು ಬರುತ್ತದೆ. ಇದಕ್ಕೆ ಬಾಖ್ ಹೊಸ ಸಂಗೀತ ಬರೆಯಲಿಲ್ಲ. 1714ರಲ್ಲಿ ವೈಮಾರ್ ಊರಿನಲ್ಲಿದ್ದಾಗ ಅಳಲು, ಗೋಳು ಎಂಬ ಜರ್ಮನ್ ಮಾತುಗಳಿಗೆ ಕಟ್ಟಿದ್ದ ತನ್ನ ಹಳೆಯ ವೃಂದಗಾನವನ್ನೇ ತೆಗೆದುಕೊಂಡ. ನಮ್ಮ ಕಂಪೆನಿ ನಾಟಕಗಳ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಇಂಥ ಮಟ್ಟು’ ಎಂದು ಹಾಕಿರುತ್ತಾರಲ್ಲ, ಹಾಗೆ. ತಳದಲ್ಲಿ ನಾಲ್ಕು ಆವರ್ತಗಳ ಒಂದು ಇಳಿಜಾರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜದಿಂದ ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ; ಒಂದು ಮೆಟ್ಟಿಲನ್ನೂ ಬಿಡದ ಇಳಿತ. ಹೀಗೆ ಸಾಲಾಗಿ ಇಳಿಯಲು ನಮ್ಮ ರಾಗಶಾಸ್ತ್ರ ಒಪ್ಪದು. ತಬಲಾ ವಾದನಕ್ಕೆ ಹಿಡಿದ ಲೆಹರಾದಂತೆ ಅದು 13 ಸಲ ಮರಳಿ ಮರಳಿ ಬರುತ್ತದೆ. ಮೇಲೆ ಕಂಠಗಳು ಒಂದೊಂದಾಗಿ ಆ ಮಾತನ್ನು ಇಡುತ್ತವೆ, ಹೆಣದ ಮೇಲೆ ಮಣ್ಣು ಹಾಕುವವರು ಇಟ್ಟಂತೆ. ಕೊನೆಯ ಸುತ್ತಿನಲ್ಲಿ ಮೇಲಿನ ವಾದ್ಯಗಳು ನಿಂತುಹೋಗುತ್ತವೆ, ದನಿಗಳು ಕೆಳಗೆ ಕೆಳಗೆ ಹೋಗುತ್ತವೆ, ಇಳಿಜಾರು ಒಮ್ಮೆಲೇ ದಾರಿ ಬದಲಿಸಿ ಅನಿರೀಕ್ಷಿತವಾಗಿ ಮೇಜರ್ ಸ್ವರಮೇಳದಲ್ಲಿ ತಂಗುತ್ತದೆ.

ಆಮೇಲೆ ನಿಶ್ಶಬ್ದ. ಬರಿಯ ಧ್ವನಿಮುದ್ರಿಕೆಯಲ್ಲಿ ಅದು ಎರಡು ಗೀತಗಳ ನಡುವಿನ ಖಾಲಿ ಜಾಗ. ಇಲ್ಲಿ ಅದು ಖಾಲಿಯಲ್ಲ. ಹುಡುಗರು ನಿಂತಿದ್ದಾರೆ, ಉಸಿರಾಡುತ್ತಿದ್ದಾರೆ. ಇಷ್ಟು ಹೊತ್ತು ತುತ್ತೂರಿ ನಗಾರಿಗಳ ಮುಂದೆ ಸುಮ್ಮನೆ ಕುಳಿತವರಿಗೆ ಮುಂದೇನು ಬರುವುದೆಂದು ಗೊತ್ತಿದೆ, ನಮಗೆ ಗೊತ್ತಿಲ್ಲ. ಮರುಕ್ಷಣವೇ, ಪೀಠಿಕೆಯಿಲ್ಲದೆ, ಮತ್ತೆ ಎದ್ದು ಬಂದನೆಂಬ ಮಾತನ್ನು ಇಡೀ ಮೇಳ ತುತ್ತೂರಿ ನಗಾರಿಗಳೊಡನೆ ಎತ್ತಿಬಿಡುತ್ತದೆ. ಸಮಾಧಿಯಲ್ಲಿ ಆತ ಮಲಗಿರುವ ಕಟ್ಟಡದಲ್ಲಿಯೇ ಇದನ್ನು ಹಾಡುತ್ತಿದ್ದಾರೆಂಬುದು ಆಗ ನನ್ನ ನೆನಪಿಗೆ ಬಂತು.

ಆ ವಿಶ್ವಾಸ ನನ್ನದಲ್ಲ. ಪರರ ಪೂಜೆಯನ್ನು ಹೀಗೆ ಕಣ್ಣರಳಿಸಿ ನೋಡುವುದು ಇಣುಕಿನೋಟವಾಗದೇ ಎಂದು ಮೊದಲ ದಿನ ನನ್ನನ್ನು ನಾನೇ ಕೇಳಿಕೊಂಡದ್ದುಂಟು. ಶಿಶುನಾಳ ಷರೀಫರು ಹಾಡಿದ ನಾಡಿನಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆಯನ್ನು ಬಹಳ ಹೊತ್ತು ಹಿಡಿದುಕೊಂಡಿರುವುದು ಕಷ್ಟ.

ಎರಡನೆಯ ಸಲ ನೋಡುವಾಗ ಅಕ್ಕ ಜೊತೆಗಿದ್ದಳು. ಆಕೆಗೆ ಎಂಬತ್ತು ದಾಟಿದೆ. ಹುಡುಗಿಯಾಗಿದ್ದಾಗ ಜಡೆ ಕೋಲಾಟದಲ್ಲಿ ಹಗ್ಗ ಹಿಡಿದವಳು. ಲ್ಯಾಟಿನ್ ಇರಲಿ, ಬಾಖನ ಹೆಸರನ್ನೂ ಕೇಳಿದವಳಲ್ಲ. ಹತ್ತು ನಿಮಿಷ ಅವರೆಕಾಯಿ ಸುಲಿಯುತ್ತಾ ನೋಡಿದಳು. ಆಮೇಲೆ, “ಈಗ ಆ ಕಡೆಯ ಹುಡುಗರು ಎತ್ತಿಕೊಳ್ಳುತ್ತಾರೆ ನೋಡು” ಎಂದು ಹೇಳತೊಡಗಿದಳು. ಹೆಚ್ಚು ಸಲ ಸರಿಯಾಗಿಯೇ ಹೇಳಿದಳು. ನನಗೆ ಸ್ವಲ್ಪ ಅಸೂಯೆಯೂ ಆಯಿತೆನ್ನಬೇಕು.

ಕಟ್ಟಕಡೆಯ ವೃಂದಗಾನ ಶುರುವಾಯಿತು. ಶಾಂತಿಯನ್ನು ಕೊಡು ಎಂಬ ಮಾತು. ಕೆಳದನಿಯಿಂದ ಹೊರಟು ಒಂದೊಂದಾಗಿ ಏರುತ್ತಾ ಬರುವ ಗಂಭೀರ ಗತಿ. ಅಕ್ಕ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು, “ಈ ಹಾಡು ಆಗಲೇ ಬಂದಿತ್ತಲ್ಲ” ಎಂದಳು. ಇರಲಾರದು, ಎಲ್ಲವೂ ಒಂದೇ ತರಹ ಕೇಳಿಸುತ್ತದೆ ಎಂದೆ. ಆಕೆ ಒಪ್ಪಲಿಲ್ಲ. ಮುದ್ರಿಕೆಯನ್ನು ಹಿಂದಕ್ಕೆ ತಿರುಗಿಸಿ ಹುಡುಕಿದೆವು. ಒಂದು ಗಂಟೆಗೂ ಹಿಂದೆ, ದೇವಮಹಿಮೆಯ ಸ್ತುತಿಯಲ್ಲಿ, ನಿನಗೆ ಕೃತಜ್ಞರಾಗಿದ್ದೇವೆ ಎಂಬ ಮಾತಿಗೆ ಇದೇ ಸಂಗೀತವನ್ನು ಹಾಡಿದ್ದರು. ಅದೂ ಹಳೆಯದೇ, 1731ರ ಒಂದು ಕೃತಿಯಿಂದ ಬಾಖ್ ತಂದದ್ದು. ಪಂಡಿತರೆಲ್ಲ ಬಲ್ಲ ಸಂಗತಿ ಇದು. ನಾನು ಮಾತ್ರ ಮೊದಲ ಸಲ ಇಡೀ ಕೃತಿಯನ್ನು ಕೇಳಿಯೂ ಗುರುತಿಸಿರಲಿಲ್ಲ.

“ಆಗ ಏನೆಂದು ಹಾಡಿದರು?” ಎಂದಳು ಅಕ್ಕ. ಹೇಳಿದೆ. “ಈಗ?” ಅದನ್ನೂ ಹೇಳಿದೆ.

“ಅಪ್ಪನಿಗೆ ತೋರಿಸಬೇಕಾಗಿತ್ತು” ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದಳು.