ಗೊತ್ತಿರುವುದು ಬೇರೆ, ಅರ್ಥವಾಗುವುದು ಬೇರೆ

ಪಾಠ ಮುಗಿಸಿ ‘ಗೊತ್ತಾಯಿತೇ?’ ಎಂದು ಕೇಳಿದರೆ ಇಡೀ ತರಗತಿ ‘ಗೊತ್ತಾಯಿತು ಸಾರ್’ ಎನ್ನುತ್ತದೆ. ಮರುದಿನ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಓಮನ ನಿಯಮ ಅವರಿಗೆ ಗೊತ್ತಿತ್ತು, ಅರ್ಥವಾಗಿರಲಿಲ್ಲ. ಇಂಗ್ಲಿಷಿನ ‘ನೋ’ ಎಂಬ ಕ್ರಿಯಾಪದ ಹಲವು ಸಲ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಜಪಾನಿ ಭಾಷೆಯಲ್ಲಿ ಇದಕ್ಕೆ ‘ಶಿರು’ ಮತ್ತು ‘ವಕರು’ ಎಂಬ ಎರಡು ಪದಗಳಿವೆ.

ಹೊರಗಿನ ಒಂದು ಸಂಗತಿ ನಮ್ಮ ತಿಳಿವಿಗೆ ಬರುವುದು ‘ಶಿರು’. ಒಬ್ಬರ ಪರಿಚಯ, ದೂರವಾಣಿ ಸಂಖ್ಯೆ, ಒಂದು ಸುದ್ದಿ ಇದಕ್ಕೆ ಸೇರುತ್ತವೆ. ವಿಷಯ ಮನಸ್ಸಿಗೆ ಸ್ಪಷ್ಟವಾಗುವುದು ‘ವಕರು’. ಇದನ್ನು ಬರೆಯುವ ಚಿತ್ರಾಕ್ಷರಕ್ಕೆ ‘ಭಾಗಿಸು’ ಎಂಬ ಅರ್ಥವಿದೆ. ಅದರ ಕೆಳಭಾಗದಲ್ಲಿರುವುದು ಕತ್ತಿಯ ಚಿಹ್ನೆ. ನಾವೂ ‘ಬಿಡಿಸಿ ಹೇಳಿ’ ಎನ್ನುವುದಿಲ್ಲವೇ? ಇನ್ನೊಂದು ಹೋಲಿಕೆಯೂ ಇದೆ. ‘ನನಗೆ ಕನ್ನಡ ಅರ್ಥವಾಗುತ್ತದೆ’ ಎಂಬಲ್ಲಿ ಕರ್ತೃ ನಾನಲ್ಲ, ಕನ್ನಡ. ‘ನಿಹೊಂಗೊ ಗ ವಕರಿಮಸು’, ಅಂದರೆ ಜಪಾನಿ ಅರ್ಥವಾಗುತ್ತದೆ ಎಂಬಲ್ಲೂ ಕರ್ತೃಸೂಚಕ ‘ಗ’ ಸೇರುವುದು ಭಾಷೆಯ ಹೆಸರಿಗೇ.

ಹೊಸಬರು ಎಡವುವುದು ಉತ್ತರ ಕೊಡುವಾಗ. ‘ಅವರು ಗೊತ್ತೇ?’ ಎಂದರೆ ಗೊತ್ತಿದ್ದವರು ‘ಶಿತ್ತೆ ಇಮಸು’ ಎನ್ನಬೇಕು, ಗೊತ್ತಿಲ್ಲದವರು ‘ಶಿರಿಮಸೆನ್’. ಆದರೆ ‘ರಜೆಯಲ್ಲಿ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ‘ಶಿರಿಮಸೆನ್’ ಎಂದರೆ ‘ನನಗೇನು ಗೊತ್ತು!’ ಎಂದು ಸಿಡುಕಿದಂತೆ ಕೇಳಿಸುತ್ತದೆ. ಇನ್ನೂ ತೀರ್ಮಾನಿಸಿಲ್ಲ ಎನ್ನಲು ‘ವಕರಿಮಸೆನ್’ ಸರಿ. ಗುರುಗಳ ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗಲೂ ಇದೇ ಪದ. ಯೋಚಿಸಿದೆ, ತಿಳಿಯಲಿಲ್ಲ ಎಂಬ ವಿನಯ ಅದರಲ್ಲಿದೆ.

1984ರಲ್ಲಿ ಆರಂಭವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. 2010ರಿಂದ ಅದರಲ್ಲಿ 5 ಹಂತಗಳಿವೆ. ಈ ಎರಡೂ ಪದಗಳು ಎದುರಾಗುವುದು ಅತ್ಯಂತ ಸುಲಭದ ಹಂತದಲ್ಲೇ. ಪದಗಳ ಪಟ್ಟಿಯನ್ನಷ್ಟೇ ಉರು ಹೊಡೆದವರಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಆದ್ದರಿಂದ ವಿದ್ಯಾರ್ಥಿಗಳೇ, ಪ್ರತಿ ಪದದ ಪಕ್ಕದಲ್ಲಿ ಒಂದು ಪ್ರಶ್ನೆ, ಒಂದು ಉತ್ತರ ಬರೆದಿಟ್ಟುಕೊಳ್ಳಿ.

ಪೋಷಕರಿಗೂ ಒಂದು ಮಾತು. ಮಗು ‘ಗೊತ್ತಿಲ್ಲ’ ಎಂದಾಗ ಗದರುವ ಮುನ್ನ ಅದು ಯಾವ ‘ಗೊತ್ತಿಲ್ಲ’ ಎಂದು ವಿಚಾರಿಸಿ. ಓದಿಲ್ಲವೋ, ಓದಿಯೂ ಅರ್ಥವಾಗಿಲ್ಲವೋ? ಮೊದಲನೆಯದಕ್ಕೆ ಪುಸ್ತಕ ಸಾಕು. ಎರಡನೆಯದಕ್ಕೆ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುವವರು ಬೇಕು.